ಸಿಹಿ ಬಿಡದ ಬಾರ್ಲಿ

ಕಾರ್ಖಾನೆಯ ಬಾಯ್ಲರ್ ಮುಂದೆ ನಿಂತು, ಅದರ ಉಸಿರಾಟ ಕೇಳಿಯೇ ನೂರಕ್ಕೆ ಎಷ್ಟು ಪಾಲು ಉರಿ ದಂಡವಾಗುತ್ತಿದೆ ಎಂದು ಹೇಳಬಲ್ಲ ಅಣ್ಣಾಸಾಹೇಬರಿಗೆ ಒಂದು ಪಾತ್ರೆ ಬಾರ್ಲಿಯಿಂದ ಸಿಹಿ ಇಳಿಸುವುದು ಯಾವ ಲೆಕ್ಕ? ಈ ಮಾತನ್ನು ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಅಣ್ಣಾಸಾಹೇಬರೇ. ಅಮೆರಿಕದ ಫೋರ್ಟ್ ಮಿಲ್ ಊರಿನ ತಮ್ಮ ಅಡುಗೆಮನೆಯಲ್ಲಿ, ಹೆಂಡತಿಯ ಏಪ್ರನ್ ಬಿಗಿದುಕೊಂಡು, ದಂಡೆತ್ತಿ ಹೊರಟ ಪಾಳೇಗಾರನ ಠೀವಿಯಲ್ಲಿ!

ಅಲ್ಲಿಯವರೆಗೆ ಅವರು ಮನೆಯಲ್ಲಿ ಮಾಡಿದ ಬಿಯರೆಲ್ಲ ಡಬ್ಬಿಯ ಮಾಲ್ಟ್, ಅಂದರೆ ಮೊಳಕೆ ಬಾರ್ಲಿಯ ಪಾಕ ಕದಡಿ ಮಾಡಿದ್ದು. ಪಕ್ಕದ ಷಾರ್ಲೆಟ್ ನಗರದಲ್ಲಿದ್ದ ಗೆಳೆಯ ಹರಿಪ್ರಸಾದ ಅದನ್ನು ಗುಟುಕರಿಸಿ, ಪ್ಯಾಕೆಟ್ ಸಾರಿನ ರುಚಿಯಿದೆ ಎಂದುಬಿಟ್ಟಿದ್ದ. ಆ ಹರಿಪ್ರಸಾದ ಮನೆಬಿಯರಿನ ಸ್ಪರ್ಧೆಗೆ ಹೋಗುವವನು, ಜೊತೆಗಾರನನ್ನು ಹುಡುಕುತ್ತಿದ್ದವನು. ಅರ್ಧ ಪಾಕ, ಅರ್ಧ ಬಾರ್ಲಿ ಕಾಳು ಹಾಕಿ ಮಾಡಿ ತೋರಿಸಿ ಎಂದ. ಕಾಳಿನಿಂದ ಬರಬೇಕಾದ ಸಿಹಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ನೀರಿಗಿಳಿದರೆ ಸ್ಪರ್ಧೆಯಲ್ಲಿ ನನ್ನ ಹೆಸರಿನ ಪಕ್ಕ ನಿಮ್ಮ ಹೆಸರು ಎಂದು ಮಾತು ಕೊಟ್ಟ. ಮುಂದಿನ ವಾರ ಭಾನುವಾರ ಬಂದು ನೋಡುತ್ತೇನೆ ಎಂದೂ ಹೇಳಿದ.

ಅಂಗಡಿಯವರು ನುಚ್ಚು ಮಾಡಿಕೊಟ್ಟ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಚೀಲವನ್ನು ಅಣ್ಣಾಸಾಹೇಬರು ಶುಕ್ರವಾರ ತಂದು ಅಡುಗೆ ಕಟ್ಟೆಯ ಮೇಲಿಟ್ಟರು. ಶನಿವಾರ ಬಿಚ್ಚಿದರೆ ಘಮ್ಮೆಂದಿತು. ಎಂಥ ತಾಜಾ ಮಾಲು ನೋಡು ಎಂದು ಹೆಂಡತಿ ನೀಲಗಂಗಾಳ ಮೂಗಿಗೇ ಹಿಡಿದರು. ಆಕೆಗೂ ಖುಷಿಯಾಯಿತು.

ಹದವಾದ ಬಿಸಿನೀರಲ್ಲಿ ನುಚ್ಚು ನೆನೆಸಿ, ಒಂದು ತಾಸು ಕಾದು, ಸಿಹಿ ಅಳೆಯುವ ಗಾಜಿನ ಕಡ್ಡಿಯನ್ನು ತೇಲಿಬಿಟ್ಟರು. ಸಿಹಿಯಿದ್ದರೆ ತಲೆಯೆತ್ತಿ ನಿಲ್ಲಬೇಕಾದ ಕಡ್ಡಿ, ಕೆರೆಗಿಳಿದ ಎಮ್ಮೆಯ ಹಾಗೆ ಕತ್ತಿನವರೆಗೆ ಮುಳುಗಿ ಕೂತಿತು. ಲೆಕ್ಕ ಹಾಕಿದರೆ ನೂರಕ್ಕೆ ಮೂವತ್ತೂ ಇಲ್ಲ. ಊರಿನ ಬಾಯ್ಲರ್‌ಗಳಿಗೆಲ್ಲ ಬುದ್ಧಿ ಹೇಳುವವರ ಮನೆಯಲ್ಲಿ ಮೂವತ್ತು!

ವಿಚಾರಣೆ ಶುರುವಾಯಿತು. ಥರ್ಮಾಮೀಟರನ್ನು ಐಸಿನಲ್ಲಿ ಹೂತರು, ಕುದಿನೀರಲ್ಲಿ ಅದ್ದಿದರು. ಪಾಪ, ಅದು ಎರಡು ಕಡೆಯೂ ಸತ್ಯವನ್ನೇ ನುಡಿಯಿತು. ಗುಮಾನಿ ನಲ್ಲಿಯ ಮೇಲೆ ಹೋಗಿ, ಬಾಟಲಿ ನೀರು ಹೊತ್ತು ತಂದರು, ಕಡ್ಡಿ ಆಗಲೂ ತಲೆಯೆತ್ತಲಿಲ್ಲ. ಹೊಸ ಚೀಲ ಬಾರ್ಲಿಯೂ ಬಂತು, ಅದೇ ಕಟ್ಟೆಯ ಮೇಲೆ ಕೂತಿತು.

ಹರಿಪ್ರಸಾದ ಬರುವ ಭಾನುವಾರ ಬೆಳಿಗ್ಗೆ, ನುಚ್ಚು ದಪ್ಪವಾದದ್ದೇ ತಪ್ಪು ಎಂದು ತೀರ್ಮಾನಿಸಿ ಅರ್ಧ ಚೀಲವನ್ನು ಮಿಕ್ಸಿಗೆ ಹಾಕಿದರು. ಬಿಸಿನೀರಿಗಿಳಿದದ್ದೇ ಅದು ಅಂಬಲಿಯಾಯಿತು. ಶ್ರೀಖಂಡಕ್ಕೆ ಮೊಸರು ಕಟ್ಟುವ ಅರಿವೆಯಲ್ಲಿ ಸುರಿದು, ಗಂಟು ಹಾಕಿ, ಕಪಾಟಿನ ಹಿಡಿಕೆಗೆ ತೂಗಿಬಿಟ್ಟರು. ತೊಟ್ಟೂ ಇಳಿಯಲಿಲ್ಲ. ಗಂಟನ್ನು ತಬ್ಬಿ ಹಿಂಡಿದರು. ಹಿಡಿಕೆ ಕಿತ್ತು ಬಂತು, ಗಂಟು ಒಡೆಯಿತು, ಅಣ್ಣಾಸಾಹೇಬರಿಗೆ ಕುತ್ತಿಗೆಯಿಂದ ಕಾಲಿನವರೆಗೆ ಅಂಬಲಿಯ ಅಭಿಷೇಕವಾಯಿತು. ಹರಿಪ್ರಸಾದ ಬಾಗಿಲು ತಳ್ಳಿ ಒಳಗೆ ಬಂದದ್ದು ಆಗಲೇ.

ಅವನು ನಗು ನುಂಗಿಕೊಂಡು, ಪಾತ್ರೆಯಲ್ಲಿ ಉಳಿದದ್ದಕ್ಕೆ ಒಂದು ತೊಟ್ಟು ಅಯೋಡಿನ್ ಬಿಟ್ಟ. ಅದು ಕಾಡಿಗೆಯ ಹಾಗೆ ಕಪ್ಪಾಯಿತು.

"ಹಿಟ್ಟು ಹಿಟ್ಟಾಗೇ ಇದೆ ಸರ್, ಸಕ್ಕರೆ ಆಗಿಲ್ಲ. ಅದನ್ನ ಸಕ್ಕರೆ ಮಾಡೋ ಜೀವ ಕಾಳಿನೊಳಗೇ ಇರುತ್ತೆ. ಯಾರೋ ಅದನ್ನ ಕೊಂದಿದ್ದಾರೆ."

ಅಣ್ಣಾಸಾಹೇಬರಿಗೆ ಕೊಲೆಗಾರ ಯಾರೆಂದು ತಕ್ಷಣ ಹೊಳೆಯಿತು. ಎರಡೆರಡು ಚೀಲ ಸತ್ತ ಮಾಲು ಮಾರಿದ ಅಂಗಡಿಯವನ ವಂಶವನ್ನೆಲ್ಲ ಜಾಲಾಡುತ್ತ, ಅಂಬಲಿ ಮೆತ್ತಿದ ಕೈಯಲ್ಲೇ ಕಾರಿನ ಕೀಲಿ ಹುಡುಕತೊಡಗಿದರು.

ನೆಲ ಒರೆಸುತ್ತಿದ್ದ ನೀಲಗಂಗಾ ತಲೆಯೆತ್ತಿದಳು. "ಅವರನ್ಯಾಕ ಬೈತೀರಿ? ಅವರು ಕೊಟ್ಟದ್ದು ಹಸೀದ ಇತ್ತು. ನಾನ ಹುರದಿಟ್ಟೀನಿ."

"ಎರಡೂ ಚೀಲ?" ಅಣ್ಣಾಸಾಹೇಬರು ಕೇಳಿದರು.

"ಒಂದು ಹುರದು ಒಂದು ಬಿಡಾಕ ಬರ್ತೈತೇನು? ರವಾ ಬಂದ್ರೂ ಹುರೀತೀನಿ, ನುಚ್ಚು ಬಂದ್ರೂ ಹುರೀತೀನಿ. ಹಂಗ ಇಟ್ರ ಹುಳ ಬೀಳ್ತಾವು."

"ಅದು ಬಿಯರಿಗೆ ತಂದದ್ದಲ್ಲೇನ?"

"ಬಿಯರಿಗೋ ಪಾಯಸಕ್ಕೋ, ಹುಳಕ್ಕೇನ್ರಿ ಗೊತ್ತು?"

ಬಾಣಲಿಯಲ್ಲಿ ಹುರಿದ ಮೇಲೆ ಕಾಳಿನ ಜೀವ ಎಲ್ಲಿ ಉಳಿದೀತು! ಅಣ್ಣಾಸಾಹೇಬರು ಕೀಲಿ ಹುಡುಕುವುದನ್ನು ಬಿಟ್ಟರು. ಹರಿಪ್ರಸಾದ ಮಾತ್ರ ಚೀಲದಲ್ಲಿ ಉಳಿದಿದ್ದ ನುಚ್ಚನ್ನು ಅಂಗೈಗೆ ಸುರಿದುಕೊಂಡು ಬೆಳಕಿಗೆ ಹಿಡಿದ. ಒಂದೇ ಬಣ್ಣ, ಒಂದು ಚೂರೂ ಸೀದಿಲ್ಲ. ತಾನು ಸ್ಪರ್ಧೆಗೆ ಮಾಡಬೇಕಾದದ್ದು ಕಪ್ಪು ಬಿಯರು, ಅದಕ್ಕೆ ಒಂದಿಷ್ಟು ಹುರಿದ ಕಾಳು ಬೇಕೇ ಬೇಕು, ಹುರಿದಾಗಲೆಲ್ಲ ಅರ್ಧ ಕರಕಲು ಮಾಡುತ್ತೇನೆ ಎಂದು ತನ್ನ ಗೋಳು ತೋಡಿಕೊಂಡ.

"ಜೊತೆಗಾರರು ಸಿಕ್ಕಿಬಿಟ್ರು ಸರ್," ಅಂದ.

ಅಣ್ಣಾಸಾಹೇಬರ ಎದೆ ಉಬ್ಬಿತು. ಆದರೆ ಅವನು ಕೈಮುಗಿದು ನಿಂತದ್ದು ನೀಲಗಂಗಾಳ ಕಡೆಗೆ. "ಅಕ್ಕಾ, ನನ್ನ ಹೆಸರಿನ ಪಕ್ಕ ನಿಮ್ಮ ಹೆಸರು ಹಾಕಿಸಲಾ?"

ಆಕೆ ಸೆರಗಿಗೆ ಕೈ ಒರೆಸಿಕೊಂಡು ಯೋಚಿಸಿದಳು. ಬಿಯರಿನ ವಾಸನೆಯೂ ತನಗೆ ಆಗುವುದಿಲ್ಲ, ಹುರಿದುಕೊಡಲು ಅಡ್ಡಿಯಿಲ್ಲ ಎಂದಳು. ಆಮೇಲೆ ಗಂಡನ ಮುಖ ನೋಡಿ ಮನಸ್ಸು ಕರಗಿತು.

"ಇವರನ್ನೂ ಸೇರಿಸ್ಕೋಪಾ. ಬಾಣಲಿ ಇಳಿಸೂತನಕ ತಿರುವಾಕ ಒಂದು ಆಳು ಬೇಕಲ್ಲ."