ಅಭಿಪ್ರಾಯ ಬದಲಿಸಿದ ಹನ್ನೆರಡು ಮಂದಿ

ರವಿಕಾಂತನ ಎಡಮೊಣಕಾಲು ಆ ದಿನ ಒಂದಿಷ್ಟು ಸಹಕರಿಸಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ದೇಶದ ಮನಸ್ಸು ಎಡಕ್ಕೆ ವಾಲುತ್ತಿದೆಯೋ, ಬಲಕ್ಕೋ, ಇಲ್ಲಾ ನಡುವೆಯೇ ನಿಂತಿದೆಯೋ ಎಂದು ಮನೆಮನೆಗೆ ಹೋಗಿ ಕೇಳಿ ಮೊಬೈಲಿನ ಫಾರಂನಲ್ಲಿ ತುಂಬುವುದು ಅವನ ಕೆಲಸ. ಭಾಲ್ಕಿಯಿಂದ ಮಹಾರಾಷ್ಟ್ರದ ನಾಸಿಕ್ ರೋಡಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಅಷ್ಟರಲ್ಲಿ ಅವನು ಬಿಟ್ಟ ಕೆಲಸಗಳೂ ಅವನನ್ನು ಬಿಟ್ಟ ಕೆಲಸಗಳೂ ಸೇರಿ ಏಳು. ಇದು ಎಂಟನೆಯದು. ಕೊರಳಿಗೆ ಫೋಟೊ ಇರುವ ಗುರುತಿನ ಚೀಟಿ ಬಂದದ್ದು ಇದರಲ್ಲೇ ಮೊದಲು. ಹೆಂಡತಿ ಲತಾ ಅದನ್ನು ದಿನಾ ಸಂಜೆ ಒರೆಸಿ ದೇವರ ಗೂಡಿನ ಮೊಳೆಗೆ ತೂಗುಹಾಕುತ್ತಿದ್ದಳು.

ಹಿಂದಿನ ವಾರ ಮೆಟ್ಟಿಲು ಹತ್ತಿಳಿದು ಮೊಣಕಾಲು ತೆಂಗಿನಕಾಯಿಯಂತೆ ಊದಿಕೊಂಡಾಗ ಇನ್ನೂ ಹನ್ನೆರಡು ಮನೆ ಬಾಕಿ ಇದ್ದವು. ರವಿಕಾಂತ ಪಾಳುಬಿದ್ದ ಕುಲಕರ್ಣಿ ಚಾಳ ಎಂಬ ವಠಾರದ ಎದುರಿನ ಕಟ್ಟೆಯ ಮೇಲೆ ಕುಳಿತ. ಚಾಳಕ್ಕೆ ಹನ್ನೆರಡೇ ಬಾಗಿಲು. ಆರು ವರ್ಷದಿಂದ ಒಳಗೆ ಪಾರಿವಾಳಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಬಾಗಿಲಿಗೊಬ್ಬರಂತೆ ಹನ್ನೆರಡು ಮಂದಿಯನ್ನು ಅವನು ಕುಳಿತಲ್ಲೇ ಸೃಷ್ಟಿಸಿದ. ಬದುಕಿರುವವರ ಹೆಸರು ಹಾಕಿದರೆ ನಾಳೆ ತಕರಾರು ಬಂದೀತೆಂದು ಭಾಲ್ಕಿಯಲ್ಲಿ ತೀರಿಹೋದವರನ್ನು ಒಬ್ಬೊಬ್ಬರಾಗಿ ನೆನಪಿಸಿಕೊಂಡ: ದರ್ಜಿ ವಿಶ್ವನಾಥಪ್ಪ, ಪಕ್ಕದ ಮನೆಯ ಮಹಾಲಕ್ಷ್ಮಿ, ಹರೆಯದಲ್ಲೇ ಹೋದ ಗಿರಣಿಯ ಮುತ್ತು. ಫೋನ್ ನಂಬರುಗಳನ್ನು ಬೆರಳು ಹೋದತ್ತ ಒತ್ತಿದ. ನಾಲ್ವರನ್ನು ಎಡಕ್ಕೆ, ನಾಲ್ವರನ್ನು ಬಲಕ್ಕೆ, ನಾಲ್ವರನ್ನು ನಡುವೆ ಹಾಕಿದ. ಯಾರಿಗೂ ಅನ್ಯಾಯ ಮಾಡುವ ಸ್ವಭಾವ ಅವನದಲ್ಲ.

ಈ ಮಂಗಳವಾರ ಬೆಳಗ್ಗೆ ಎಂಟಕ್ಕೆ ಛತ್ರಪತಿ ಸಂಭಾಜಿನಗರದ ಆಫೀಸಿನಿಂದ ಮೇಲ್ವಿಚಾರಕಿ ಅನುರಾಧಾ ಫೋನ್ ಮಾಡಿದಳು.

"ರವಿಕಾಂತ್‌ರೀ, ನಿಮ್ಮ ಚಾಳದ ಹನ್ನೆರಡೂ ಮಂದಿಗಿ ನಮ್ಮ ಶರಣಬಸವ ನಿನ್ನೆ ಫೋನ್ ಹಚ್ಚಿ ವಿಚಾರಿಸ್ಯಾನ. ಎಲ್ಲಾ ಬರೋಬರ್ ಅದ. ಶಾಬಾಸ್!"

ರವಿಕಾಂತ ಚಹಾದ ಬಟ್ಟಲನ್ನು ಬಾಯಿಂದ ತೆಗೆದ. "ಹನ್ನೆರಡೂ ಮಂದಿ... ಮಾತಾಡ್ಯಾರೇನ್ರಿ?"

"ಹೂಂ ಮತ್ತ. ಅವನ ಪಟ್ಟಿ ಈಗ ಓದ್ಲಿಕತ್ತೀನಿ, ಇಲ್ಲಿತನಕ ಒಂದೇ ಫರಕ್. ವಿಶ್ವನಾಥಪ್ಪ ಎಡ ಅಂತ ಬರದೀರಿ. ಅವ ಈಗ ಬಲಕ್ಕ ಬಂದಾನಂತ. ಪಾಪ, ಮಾತಿಗೊಮ್ಮೆ ಕೆಮ್ಮತಾನಂತ."

ದರ್ಜಿ ವಿಶ್ವನಾಥಪ್ಪ ಸತ್ತದ್ದೇ ಕೆಮ್ಮಿನಿಂದ.

ರವಿಕಾಂತ ಬಟ್ಟಲು ಕೆಳಗಿಟ್ಟ. ಏನಾಯಿತೆಂದು ಲತಾ ಕೇಳಿದರೆ ಏನೂ ಇಲ್ಲವೆಂದ. ಅರ್ಧ ಗಂಟೆಯಲ್ಲಿ ಮತ್ತೆ ಅನುರಾಧಾಳ ಫೋನು.

"ಆಕಿ ಮಹಾಲಕ್ಷ್ಮೀನೂ ಬದಲಾಗ್ಯಾಳ್ರಿ. ಮೊದಲು ಭಾಳೊತ್ತು ಸುಮ್ಮನೇ ಇದ್ದಳಂತ. ಆಮ್ಯಾಲೆ, ಇಲ್ಲಿ ಎಲ್ಲರೂ ಬದಲಾಗ್ಲಿಕತ್ತಾರ ಅಂದಳಂತ."

"ಇಲ್ಲಿ ಅಂದ್ರ... ಎಲ್ಲಿ ರೀ?"

"ಚಾಳದಾಗ್ರಿ. ಮತ್ತೆಲ್ಲಿ?"

ಕೊರಳಿಗೆ ಚೀಟಿ ಹಾಕಿಕೊಂಡು ರವಿಕಾಂತ ನೇರ ಕುಲಕರ್ಣಿ ಚಾಳಕ್ಕೆ ಹೋದ. ಬಿಸಿಲು ಚೆನ್ನಾಗಿಯೇ ಇತ್ತು. ಆದರೆ ಅದು ಅಂಗಳದವರೆಗೆ ಬಂದು ಅಲ್ಲಿಂದ ಮುಂದೆ ಹೋಗಲು ಹಿಂಜರಿದಂತೆ ಕಾಣುತ್ತಿತ್ತು. ಮೊಣಕಾಲೆತ್ತರ ಹುಲ್ಲು. ಬೀಗಗಳೆಲ್ಲ ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡಿದ್ದವು. ಯಾರೂ ಇಲ್ಲವೆಂದು ಅವನು ಉಸಿರು ಬಿಡುವಷ್ಟರಲ್ಲಿ ಮೂರನೆಯ ಬಾಗಿಲಿನ ಸಂದಿಯಲ್ಲಿ ಒಂದು ಲಕೋಟೆ ಕಂಡಿತು.

ಮೇಲೆ ಮರಾಠಿಯಲ್ಲಿ ಬರೆದಿತ್ತು: ಮಾನನೀಯ ಶ್ರೀ ವಿಶ್ವನಾಥಪ್ಪ, ಮನೆ ನಂಬರು ಮೂರು.

ಅದರ ಕೆಳಗೆ ಇನ್ನೊಂದಿತ್ತು. ಧೂಳು ಕೂತದ್ದು ಎಡದವರ ಸಭೆಗೆ ಕರೆಯೋಲೆ, ಹೊಸದಾಗಿ ಗರಿಗರಿ ಇದ್ದದ್ದು ಬಲದವರದು. ಏಳನೆಯ ಬಾಗಿಲಲ್ಲಿ ಶ್ರೀಮತಿ ಮಹಾಲಕ್ಷ್ಮಿಗೆ ಮೂರೂ ಕಡೆಯವರಿಂದ ಬಂದಿತ್ತು. ಹನ್ನೆರಡು ಬಾಗಿಲುಗಳಲ್ಲೂ, ಅವನು ಕೊಟ್ಟ ಹೆಸರಿನಲ್ಲಿ, ಅವನು ಕೊಟ್ಟ ವಯಸ್ಸಿಗೆ ತಕ್ಕ ಗೌರವದಲ್ಲಿ, ಯಾರೋ ಯಾರನ್ನೋ ಕರೆದಿದ್ದರು.

ಏಳನೆಯ ಮನೆಯೊಳಗೆ ಏನೋ ಸರಿದಾಡಿತು. ಪಾರಿವಾಳವೇ ಇರಬೇಕು. ನಿಂತು ನೋಡುವ ಧೈರ್ಯ ರವಿಕಾಂತನಿಗಿರಲಿಲ್ಲ. ಮೊಣಕಾಲು ಇದೆಯೆಂಬುದನ್ನೇ ಮರೆತು ಅವನು ಓಡಿದ ಓಟಕ್ಕೆ ರಸ್ತೆಯ ನಾಯಿಗಳು ಎದ್ದು ದಾರಿ ಬಿಟ್ಟವು.

ಸ್ಟೇಷನ್ ಎದುರು ಉಡುಪಿ ಕಡೆಯ ಕೃಷ್ಣರಾಜ ಶೆಟ್ಟರ ಹೋಟೆಲು. ಗಲ್ಲಾದಲ್ಲಿ ಶೆಟ್ಟರು, ಒಳಬಾಗಿಲಲ್ಲಿ ಅವರ ಹೆಂಡತಿ ಸರೋಜಿನಿ. ಊರಿನ ಯಾರ ಕಷ್ಟವಾದರೂ ಈ ಇಬ್ಬರನ್ನು ದಾಟಿಯೇ ಮುಂದೆ ಹೋಗಬೇಕು. ರವಿಕಾಂತ ನೀರು ಕುಡಿದು ಎಲ್ಲವನ್ನೂ ಹೇಳಿಬಿಟ್ಟ.

"ಎಂಥ ಕೆಲಸ ಮಾಡಿದ್ರಿ ಮಾರಾಯ್ರೆ!" ಎಂದರು ಶೆಟ್ಟರು. "ಸುಳ್ಳು ಬರೆದದ್ದು ಹೋಗ್ಲಿ. ಸತ್ತವರನ್ನು ಎಡಕ್ಕೆ ಬಲಕ್ಕೆ ಹಾಕ್ಲಿಕ್ಕೆ ನಿಮಗೆ ಅಧಿಕಾರ ಕೊಟ್ಟದ್ದು ಯಾರು?"

"ಸುಮ್ನಿರಿ ನೀವು," ಎಂದು ಸರೋಜಿನಿ ಗಂಡನನ್ನು ತಡೆದು, ದನಿ ತಗ್ಗಿಸಿದರು. "ಬದುಕಿದ್ದಾಗ ಅವರನ್ನು ಯಾರೂ ಕೇಳಿರ್ಲಿಕ್ಕಿಲ್ಲ ಅಲ್ವಾ? ಈಗ ಕರೆದು ಕೇಳಿದ್ರೆ, ಹೇಳದೆ ಬಿಡ್ತಾರಾ?"

ಪಕ್ಕದ ಮೇಜಿನವರು ಇಡ್ಲಿ ನಿಲ್ಲಿಸಿದರು. ಒಬ್ಬರು ಶಾಂತಿ ಮಾಡಿಸಿ ಎಂದರು. ಇನ್ನೊಬ್ಬರು, ಸತ್ತವರೆಲ್ಲ ಒಂದೇ ಕಡೆಗೆ ಹೋಗುತ್ತಿದ್ದರೆ ಗೆಲ್ಲುವುದು ಯಾರೆಂದು ಈಗಲೇ ಹೇಳಬಹುದಲ್ಲ ಎಂದು ಲೆಕ್ಕ ಹಾಕತೊಡಗಿದರು. ಅದಕ್ಕೆ ಮೂರನೆಯವರು ಸಿಟ್ಟಾದರು. ಈ ಗದ್ದಲದ ನಡುವೆ ಅನುರಾಧಾಳ ಮೂರನೆಯ ಫೋನು ಬಂತು.

"ಏಳು ಮಂದಿ ಬದಲಾದ್ರು ನೋಡ್ರಿ. ಮುತ್ತು ಅನ್ನಾವ ಒಂದು ಮಾತು ಕೇಳ್ಯಾನಂತ. ನನ್ನ ಹೆಸರು ನಿಮಗ ಯಾರು ಕೊಟ್ರು ಅಂತ."

ರವಿಕಾಂತ ಆ ಮಾತನ್ನು ಹಾಗೆಯೇ ಎಲ್ಲರಿಗೂ ಹೇಳಿದ. ಸರೋಜಿನಿ ಒಳಗಿನಿಂದ ಒಂದು ನಿಂಬೆಹಣ್ಣು ತಂದು ರವಿಕಾಂತನ ಅಂಗಿಯ ಜೇಬಿಗೆ ತುರುಕಿದರು. "ಹೋಗಿ, ಆಫೀಸಿನಲ್ಲಿ ಒಪ್ಪಿಕೊಂಡು ಬನ್ನಿ. ಅವರ ಹೆಸರು ತೆಗೆಸಿ. ಇಲ್ಲದಿದ್ರೆ ಅವರು ನಿಮ್ಮನ್ನು ಬಿಡುವುದಿಲ್ಲ."

ಸಂಭಾಜಿನಗರದ ಬಸ್ಸಿನಲ್ಲಿ ಐದು ತಾಸು ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕುಳಿತ. ಕೆಲಸ ಹೋಗುವುದು ಖಚಿತ. ಲತಾಗೆ ಏನು ಹೇಳುವುದು? ಆದರೂ ಕೆಮ್ಮುತ್ತ ಕೆಮ್ಮುತ್ತ ಬಲಕ್ಕೆ ತಿರುಗುತ್ತಿರುವ ವಿಶ್ವನಾಥಪ್ಪನಿಗಿಂತ ಲತಾಳ ಸಿಟ್ಟೇ ವಾಸಿ ಎನಿಸಿತು. ಪಕ್ಕದ ಸೀಟಿನ ಮುದುಕ ವೈಜಾಪುರದ ಹತ್ತಿರ ಒಮ್ಮೆ ಕೆಮ್ಮಿದ. ರವಿಕಾಂತ ಎದ್ದು ಉಳಿದ ದಾರಿಯನ್ನು ನಿಂತೇ ಕಳೆದ.

ಆಫೀಸೆಂದರೆ ಎರಡನೆಯ ಮಹಡಿಯ ಒಂದು ಕೋಣೆ. ಅನುರಾಧಾ ಕಂಪ್ಯೂಟರಿನ ಮುಂದಿದ್ದಳು. ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಲಬುರಗಿಯ ಶರಣಬಸವ. ರವಿಕಾಂತ ಕೈಮುಗಿದು ಬಾಗಿದಾಗ ನಿಂಬೆಹಣ್ಣು ಜೇಬಿನಿಂದ ಉರುಳಿ ಅನುರಾಧಾಳ ಮುಂದೆ ಹೋಗಿ ನಿಂತಿತು.

"ಆ ಹನ್ನೆರಡು ಮಂದಿ ಇಲ್ರಿ ಮೇಡಂ. ಯಾರೂ ಇಲ್ಲ. ಎಲ್ಲಾ ಸತ್ತವರ ಹೆಸರು."

ಅನುರಾಧಾ ಕುರ್ಚಿಯನ್ನು ನಿಂಬೆಹಣ್ಣಿನಿಂದ ಹಿಂದಕ್ಕೆ ಸರಿಸಿಕೊಂಡಳು. ಅವಳು ನಿಧಾನವಾಗಿ ಮೂಲೆಯತ್ತ ತಿರುಗಿದಳು. "ಶರಣಬಸವ, ಹಂಗಾರ ನೀ ಮಾತಾಡಿದ್ದು ಯಾರ ಸಂಗಟ?"

ಶರಣಬಸವ ಹೆಡ್‌ಫೋನ್ ತೆಗೆದ. ಆಮೇಲೆ ಅವನು ನಗತೊಡಗಿದ.

"ನಾ ಇವರ್ಯಾರಿಗೂ ಹಚ್ಚೇ ಇಲ್ರಿ ಅಕ್ಕಾ. ದಿನಾ ನಾನೂರು ನಂಬರು, ಒಬ್ಬಾವ ಹೆಂಗ ಹಚ್ಚಬೇಕು? ಕುಂತಲ್ಲೇ ಬರೀತೀನಿ. ಯಾರೂ ಬದಲಾಗಲಿಲ್ಲ ಅಂದ್ರ ಮ್ಯಾಲಿನವರು ನಂಬಂಗಿಲ್ಲ, ಅದಕ್ಕ ಅರ್ಧ ಮಂದಿನ್ನ ಬದಲಿ ಮಾಡ್ತೀನಿ. ಮುದುಕರಿದ್ರ ಕೆಮ್ಮಸ್ತೀನಿ. ಹೆಣ್ಣುಮಕ್ಕಳಿದ್ರ ಸುಮ್ಮನಿರಸ್ತೀನಿ. ಹುಡುಗರು ಮೊದಲು ಕೇಳೂದೇ ಹೆಸರು ಯಾರು ಕೊಟ್ರು ಅಂತ."

"ಮತ್ತ ಬಾಗಿಲಾಗಿನ ಕಾಗದ?" ರವಿಕಾಂತ ಕೇಳಿದ.

"ಅದು ನಾ," ಎಂದಳು ಅನುರಾಧಾ ತಲೆ ತಗ್ಗಿಸಿ. "ದಿನಾ ಸಂಜಿಗಿ ಪಟ್ಟಿ ಮೂರೂ ಪಾರ್ಟಿಯವರಿಗಿ ಹೋಗ್ತದ. ಅವರ ಮಂದಿ ಬಂದು ಹಾಕಿ ಹೋಗ್ತಾರ."

ರವಿಕಾಂತನ ಎದೆಯ ಮೇಲಿನ ಚಪ್ಪಡಿಕಲ್ಲು ಜಾರಿಬಿತ್ತು. ವರದಿ ಆಗಲೇ ದಿಲ್ಲಿಗೆ ಹೋಗಿರುವುದರಿಂದ ಈ ಮಾತು ಕೋಣೆಯಲ್ಲೇ ಇರಲಿ ಎಂದು ಅನುರಾಧಾ ಹೇಳಿದಳು. ಕೆಲಸಕ್ಕೂ ಧಕ್ಕೆಯಿಲ್ಲ. ನಾಳೆಯಿಂದ ಹತ್ತಿರದ ಬೀದಿಗಳನ್ನು ಕೊಡುತ್ತೇನೆಂದು ಅವನ ವಿಳಾಸ ಕೇಳಿ ಕಂಪ್ಯೂಟರಿನಲ್ಲಿ ಒತ್ತಿದಳು. ಒತ್ತಿದವಳು ಪರದೆಯನ್ನು ಅವನತ್ತ ತಿರುಗಿಸಿದಳು.

"ರವಿಕಾಂತ, ತಂದಿ ಮನ್ಮಥಪ್ಪ. ಮೂಲ ಭಾಲ್ಕಿ. ನಲವತ್ತೆಂಟು ವರ್ಷ. ನೀವೇ ಏನ್ರಿ?"

"ನಾನೇ ರಿ."

"ನಿಮ್ಮ ಫಾರಂ ಅದ ಇಲ್ಲಿ. ನಿಮ್ಮ ಓಣಿಗಿ ಸರ್ವೆ ಮಾಡಾವ ನಿತೀಶ್ ತುಂಬ್ಯಾನ. ಮೊದಲು ನಡು. ಈಗ ಬದಲಾಗೀರಿ."

"ನಮ್ಮ ಮನೀಗಿ ಯಾರೂ ಬಂದಿಲ್ರಿ! ಈ ನಂಬರೂ ನಂದಲ್ಲ. ಅಂವನೂ ಕಟ್ಟಿ ಮ್ಯಾಲ ಕುಂತು ಬರದಾನ!" ರವಿಕಾಂತ ನಕ್ಕ. ಶರಣಬಸವ ನಗಲಿಲ್ಲ. ಪರದೆಯ ಹತ್ತಿರ ಬಂದು ಬಗ್ಗಿ ನೋಡಿದ.

"ಇದು ನಾ ಕುಂತಲ್ಲೇ ಬರೆದದ್ದಲ್ರಿ. ದಿನಕ್ಕ ಒಂದೆರಡು ಖರೇನೇ ಹಚ್ತೀನಿ, ಮನಸ್ಸಿಗಿ ಸಮಾಧಾನ ಇರ್ಲಿ ಅಂತ. ಇದಕ್ಕ ಹಚ್ಚಿದ್ದೆ. ರವಿಕಾಂತ ಅಂತಲೇ ಎತ್ತಿದ್ರು. ಭಾಳ ಛಲೋ ಮಾತಾಡಿದ್ರು. ಹೆಂಡ್ತಿ ಹೆಸರು ಲತಾ ಅಂದ್ರು."

ಅನುರಾಧಾ ಪರದೆಯನ್ನು ಮತ್ತೆ ತನ್ನತ್ತ ತಿರುಗಿಸಿಕೊಂಡಳು.

"ನಿಯಮ ಅದ ರೀ. ಸರ್ವೆ ಮಾಡಾವರು ಸರ್ವೆಯಾಗ ಇರಬಾರದು. ಇಬ್ಬರು ರವಿಕಾಂತರೊಳಗ ಒಬ್ಬರನ್ನ ತೆಗೀಬೇಕು."

"ಅವನ್ನ ತೆಗೀರಿ ಮತ್ತ! ನಾ ನಿಮ್ಮ ಮುಂದೇ ನಿಂತೀನಲ್ರಿ!"

"ಅವರದು ಫೋನಿನ್ಯಾಗ ಖಾತ್ರಿ ಆಗ್ಯದ. ವರದಿ ಒಳಗ ಹೋಗ್ಯದ." ಅವಳು ನಿಜವಾದ ಮರುಕದಿಂದಲೇ ಕೈ ಚಾಚಿದಳು. "ಚೀಟಿ ಕೊಡ್ರಿ."

ಬಸ್ ನಿಲ್ದಾಣದಲ್ಲಿ ಬೋಳು ಕೊರಳನ್ನು ಸವರಿಕೊಳ್ಳುತ್ತ ಕುಳಿತಾಗ ರವಿಕಾಂತನಿಗೆ ಹೊಳೆಯಿತು: ಇಷ್ಟೂ ದಿನದಲ್ಲಿ ಆ ಪ್ರಶ್ನೆಯನ್ನು ಅವನನ್ನೇ ಯಾರೂ ಕೇಳಿರಲಿಲ್ಲ. ಈಗ ತಾನೇ ಕೇಳಿಕೊಂಡ. ಎಡವೋ, ಬಲವೋ, ನಡುವೋ? ಬಹಳ ಹೊತ್ತು ಕಾದರೂ ಉತ್ತರ ಬರಲಿಲ್ಲ. ಆ ಇನ್ನೊಬ್ಬನಿಗಾದರೂ ಗೊತ್ತಿರಬೇಕು. ಪರದೆಯ ಮೇಲೆ ಕಂಡ ನಂಬರು ಕಣ್ಣಲ್ಲೇ ಕೂತಿತ್ತು. ಅದನ್ನೇ ಒತ್ತಿ ಫೋನನ್ನು ಕಿವಿಗಿಟ್ಟುಕೊಂಡ.

ನೀವು ಕರೆ ಮಾಡಿದ ವ್ಯಕ್ತಿ ಬೇರೊಬ್ಬರ ಜೊತೆ ಮಾತನಾಡುತ್ತಿದ್ದಾರೆ, ದಯವಿಟ್ಟು ಕಾಯಿರಿ ಎಂದು ಮರಾಠಿಯಲ್ಲಿ ಒಂದು ಹೆಣ್ಣುದನಿ ವಿನಯದಿಂದ ಹೇಳಿತು.