ಬೀರುವಿನಲ್ಲಿಲ್ಲ ಎಂದಿತು ಯಂತ್ರ

"ಇನ್ನು ಮುಂದೆ ಈ ಮನೆಯಲ್ಲಿ ಒಂದು ಗುಂಡುಸೂಜಿಯೂ ಕಳೆದುಹೋಗಕೂಡದು!" ಎಂದು ಭಾನುವಾರ ಬೆಳಿಗ್ಗೆ ಘೋಷಿಸಿಬಿಟ್ಟೆ. ಗೋದಾಮಿನ ಮೇಲ್ವಿಚಾರಕನ ಮನೆಯಲ್ಲೇ ಸಾಮಾನು ಸಿಗದಿದ್ದರೆ ಮರ್ಯಾದೆ ಉಳಿಯುತ್ತದೆಯೇ? ಸಾಹೇಬರನ್ನು ಕೇಳಿ ಮಿಕ್ಕಿದ್ದ ಆರ್‌ಎಫ್‌ಐಡಿ ಟ್ಯಾಗುಗಳನ್ನೂ ಹಳೆಯ ರೀಡರನ್ನೂ ತಂದಿದ್ದೆ. ಟ್ಯಾಗ್ ಎಂದರೆ ಸ್ಟಿಕ್ಕರಿನಂಥದ್ದು. ಅದನ್ನು ಅಂಟಿಸಿದ ವಸ್ತು ಯಾವ ಮೂಲೆಯಲ್ಲಿ ಬಿದ್ದಿರಲಿ, ರೀಡರ್ ಹತ್ತಿರ ಒಯ್ದರೆ 'ಕುಂಯ್' ಎನ್ನುತ್ತದೆ.

ಛತ್ರಿ, ಕತ್ತರಿ, ಚಪ್ಪಲಿ, ಹೆಂಡತಿಯ ಸರ್ಟಿಫಿಕೇಟುಗಳ ಫೈಲು, ಯಾವುದನ್ನೂ ಬಿಡಲಿಲ್ಲ.

"ನನಗೊಂದು ಅಂಟಿಸಬೇಡಿ ಅಳಿಯಂದ್ರೇ, ಕರೆದ್ರೆ ಓಗೊಡ್ತೀನಿ" ಎಂದರು ಅತ್ತೆ.

ಬುಧವಾರ ನನ್ನವಳಿಗೆ ಮುಖ್ಯೋಪಾಧ್ಯಾಯಿನಿ ಹುದ್ದೆಯ ಸಂದರ್ಶನ. ಹನ್ನೊಂದು ವರ್ಷ ಕಾದ ಹುದ್ದೆ! ಹತ್ತು ಗಂಟೆಗೆ ಮೂಲ ಸರ್ಟಿಫಿಕೇಟುಗಳೊಂದಿಗೆ ಹಾಜರಿರಬೇಕು. ಅವಳನ್ನು ಬಸ್ಸು ಹತ್ತಿಸಲೆಂದೇ ನಾನು ಅರ್ಧ ದಿನ ರಜೆ ಹಾಕಿದ್ದೆ.

"ರೀ, ಸ್ಟಿಕ್ಕರ್ ಅಂಟಿಸಿ ಫೈಲ್ ಎಲ್ಲಿಟ್ರಿ?"

"ಎಲ್ಲಿಟ್ಟೆ ಅನ್ನೋದೆಲ್ಲ ಹಳೇ ಕಾಲದ ಪ್ರಶ್ನೆ. ಯಂತ್ರ ಇದೆಯಲ್ಲ!"

ರೀಡರ್ ಎತ್ತಿಕೊಂಡು ದಿಗ್ವಿಜಯಕ್ಕೆ ಹೊರಟೆ. ಸೋಫಾದಡಿ ಕುಂಯ್, ಕತ್ತರಿ. ಬಾಗಿಲ ಹಿಂದೆ ಕುಂಯ್, ಛತ್ರಿ. ಸ್ಟೀಲ್ ಬೀರುವಿನ ಮುಂದೆ ಮಾತ್ರ ಗಪ್‌ಚಿಪ್.

"ಬೀರುವಿನಲ್ಲಿಲ್ಲ!" ಎಂದು ತೀರ್ಪು ಕೊಟ್ಟೆ.

"ಒಂದ್ಸಲ ತೆಗೆದು ನೋಡಬಾರ್ದಾ?" ಎಂದರು ಅತ್ತೆ.

"ಅತ್ತೆ, ಮನುಷ್ಯ ಸುಳ್ಳು ಹೇಳಬಹುದು. ಯಂತ್ರ ಹೇಳಲ್ಲ!"

ಹಾಸಿಗೆ ಮಗುಚಿದೆವು. ಪುಸ್ತಕಗಳೆಲ್ಲ ನೆಲಕ್ಕೆ ಬಂದವು. ಅಷ್ಟರಲ್ಲಿ ಹೆಂಡತಿ, "ಅಯ್ಯೋ, ಈಗ ತಾನೇ ರದ್ದಿ ಪೇಪರ್ ಕೊಟ್ಟೆ!" ಎಂದಳು. ಬನಿಯನ್ನಿನಲ್ಲೇ ಬೀದಿಗೆ ಓಡಿದೆ. ರದ್ದಿಯವನ ಗಾಡಿ ತಿರುವಿನಲ್ಲಿತ್ತು. ರೀಡರ್ ಚಾಚಿದೆ. ಕುಂಯ್! ರೀಡರಿನ ಪರದೆಯ ಮೇಲೆ ಮೂಡುವ ವಸ್ತುವಿನ ಹೆಸರು ಓದುವ ತಾಳ್ಮೆ ಯಾರಿಗಿದೆ? ಕಟ್ಟು ಬಿಚ್ಚಿದೆ. ವಾರದ ಸುದ್ದಿಯೆಲ್ಲ ಗಾಳಿಗೆ ಹಾರಿ ಬೀದಿ ಪಾಲಾಯಿತು. ಅಡಿಯಲ್ಲಿ ಸಿಕ್ಕಿದ್ದು ಹೆಂಡತಿ ಎಸೆದಿದ್ದ ನನ್ನ ಕಿತ್ತುಹೋದ ಚಪ್ಪಲಿ!

"ಇದಕ್ಕಾ ಸಾರ್ ಈ ಪಾಟಿ ಓಡಿಬಂದ್ರಿ?" ಎಂದ ರದ್ದಿಯವನು. ಪೇಪರನ್ನೆಲ್ಲ ಆಯ್ದುಕೊಟ್ಟು, ಚಪ್ಪಲಿ ಹಿಡಿದು ಮನೆಗೆ ಬಂದೆ.

ಒಂಬತ್ತೂಕಾಲು. ಹೆಂಡತಿ ಬೈಯಲಿಲ್ಲ. ಸೀರೆಯ ನೆರಿಗೆ ಹಿಡಿದು ಕುಳಿತಿದ್ದಳು, ಕಣ್ಣಲ್ಲಿ ನೀರಿತ್ತು. ಬೈದಿದ್ದರೇ ವಾಸಿಯಿತ್ತು.

ಆಗಲೇ ಗೋದಾಮಿನ ಗುಮಾಸ್ತರ ಫೋನು ಬರಬೇಕೇ!

"ಸಾರ್, ಕಬ್ಬಿಣದ ಕಪಾಟಿನಲ್ಲಿರೋ ಸರಕು ಒಂದೂ ರೀಡರ್‌ನಲ್ಲಿ ತೋರಿಸ್ತಿಲ್ಲ. ಕಳುವಾಗಿದೆಯಾ ಅಂತ..."

ಎಲ್ಲ ಸಿಟ್ಟೂ ಅವರ ಮೇಲೆ ತಿರುಗಿತು. "ಕಳುವೂ ಇಲ್ಲ, ಮಣ್ಣೂ ಇಲ್ಲ! ಬಾಗಿಲು ತೆಗೀರಿ! ಲೋಹದ ಒಳಗಿರೋ ಟ್ಯಾಗು ಹೊರಗಿಂದ ಓದುತ್ತೇನ್ರೀ? ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದು ಹಾಕಿದೀನಲ್ಲ! ತಲೇಲಿ ಏನು ತುಂಬ್ಕೊಂಡಿದೀರಿ?"

ಫೋನಿಟ್ಟೆ. ಹೆಂಡತಿ ನನ್ನನ್ನು ನೋಡಿದಳು. ಅತ್ತೆಯೂ ನೋಡಿದರು. ಆಮೇಲೆ ಮೂವರೂ ಬೀರುವನ್ನು ನೋಡಿದೆವು.

ಅತ್ತೆ ಹೋಗಿ ಬಾಗಿಲು ತೆಗೆದರು. ಕಣ್ಣೆತ್ತರದ ಅರೆಯಲ್ಲೇ ಫೈಲು. ನನ್ನ ಕೈಯಲ್ಲಿದ್ದ ರೀಡರ್ 'ಕುಂಯ್' ಎಂದಿತು!

ನನ್ನವಳು ಓಡಿಹೋಗಿ ಬಸ್ಸು ಹಿಡಿದಳು. ಸಂಜೆ ಮುಖ್ಯೋಪಾಧ್ಯಾಯಿನಿಯಾಗಿಯೇ ಬಂದಳು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಕೈಕಾಲು ತೊಳೆದು ಬಂದವಳು ಒಂದು ಹಾಳೆಯಲ್ಲಿ ಏನೋ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದಳು: 'ಫೈಲ್ ಒಳಗಿದೆ.'

"ಇದು ನನ್ನ ಟ್ಯಾಗು. ಲೋಹದ ಹೊರಗಿಂದಲೂ ಓದಬಹುದು" ಎಂದಳು.

"ರೀಡರ್?" ಎಂದೆ ಮೆಲ್ಲಗೆ.

"ಅಮ್ಮ ಇದಾರಲ್ಲ!"