ರಸಮಂಜರಿಯಲ್ಲಿ ಹೆಣ್ಣು ನೋಡಿದ್ದು

ಬನ್ರಪ್ಪ, ಬನ್ರವ್ವ, ಕಾಲು ಚಾಚಿಕೊಂಡು ಕೂತ್ಕೊಳ್ಳಿ. ಕಡ್ಲೆಕಾಯಿ ಬೇಯಿಸಿಟ್ಟಿದ್ದೀನಿ, ಸುಲ್ಕೊಂಡು ತಿಂತಾ ಕೇಳಿ. ನಗು ಬಂದಾಗ ಮಾತ್ರ ಬಾಯಲ್ಲಿ ಕಾಳು ಇಟ್ಕೋಬೇಡಿ. ನೆತ್ತಿಗೆ ಹತ್ತಿದರೆ ಆಮೇಲೆ ನನ್ನ ಬಯ್ಯಬೇಡಿ. ನಮ್ಮನೆಯವರು ಹೊಸಿಲು ದಾಟಿದರೆ ಏನಾದರೊಂದು ಆಗಲೇಬೇಕು, ಅದು ನಮ್ಮ ಹಣೆಬರಹ. ಬೇರೆಯವರು ಸಂತೆಗೆ ಹೋದರೆ ಸೊಪ್ಪು ತರ್ತಾರೆ. ನಾವು ಹೋದರೆ ಸೊಪ್ಪು ಮರೆತು ಕತೆ ತರ್ತೀವಿ.

ನನ್ನ ಮೊಮ್ಮಗಳನ್ನ ಹೆಣ್ಣು ನೋಡಿದ್ದು ನಮ್ಮನೆ ಪಡಸಾಲೆಯಲ್ಲಿ ಅಲ್ಲ. ಹುಣಸೂರಿನ ಮೈದಾನದಲ್ಲಿ, ಪ್ಲಾಸ್ಟಿಕ್ ಕುರ್ಚಿ ಮೇಲೆ, ರಸಮಂಜರಿ ನಡೀತಾ ಇದ್ದಾಗ. ಅದಕ್ಕೆ ಮುಂಚೆ ನೋಡೋಕೆ ಬಂದವರೆಲ್ಲ ಉಪ್ಪಿಟ್ಟು ಕೇಸರಿಬಾತು ತಿಂದು, "ಮನೆಗೆ ಓಗಿ ಫೋನ್ ಮಾಡ್ತೀವಿ" ಅಂತ ಹೇಳಿ ಹೋದರು. ಅವರ ಫೋನುಗಳಿಗೆ ಏನಾಯಿತೋ ಇವತ್ತಿಗೂ ಗೊತ್ತಿಲ್ಲ. ಈ ಸಂಬಂಧ ತಂದವಳು ನಮ್ಮ ಪಕ್ಕದ ಮನೆಯವಳು. ಹುಡುಗ ಸಾಲಿಗ್ರಾಮದ ಕಡೆಯವನು. ನಾಲೆ ನೀರಿನ ಗದ್ದೆ, ಜೊತೆಗೆ ಮೋಟಾರು ರಿಪೇರಿ ಅಂಗಡಿ. ಹುಡುಗ ಹುಡುಗಿ ಫೋನಲ್ಲೇ ಮುಖ ನೋಡಿ ಮಾತಾಡಿಕೊಂಡು ಆಗಿತ್ತು. "ಉಪ್ಪಿಟ್ಟು ಕಾಟ ಬೇಡ, ಎರಡೂ ಮನೆಯೋರು ರಸಮಂಜರಿಗೆ ಬರೋಣ, ಅಲ್ಲೇ ನೋಡ್ಕಳ್ಳೋಣ" ಅಂದವನೂ ಅವನೇ.

ಹೊರಡೋ ದಿನ ಜಡೆ ಹಾಕ್ತಿದ್ದಾಗ ಮೊಮ್ಮಗಳು ನನ್ನ ಕೈ ಹಿಡ್ಕೊಂಡಳು. "ಅಜ್ಜಿ, ಇವನು ನಂಗೆ ಇಷ್ಟ ಆಗವ್ನೆ. ಇದೂ ಮುರಿದು ಬಿದ್ರೆ ಇನ್ಯಾರ ಮುಂದೂ ನಾನು ಸೀರೆ ಉಟ್ಕೊಂಡು ಕೂರಕಿಲ್ಲ. ಅವರವ್ವ ಬಲು ಬಿಗಿಯಂತೆ. ತಾತನ್ನ ಸ್ವಲ್ಪ ನೋಡ್ಕೋ."

ತಾತ ಅಂದರೆ ನಮ್ಮ ಯಜಮಾನರು. ನೋಡ್ಕೋ ಅಂದಳಲ್ಲ, ನೋಡ್ಕೊಂಡೆ. ನೋಡ್ತಾನೇ ಇದ್ದೆ.

ಬಾಯಿ ಬಿಡಬೇಡಿ ಅಂದಿದ್ದಕ್ಕೆ

ಕಟ್ಟೆಮಳಲವಾಡಿಯಿಂದ ಗೂಡ್ಸ್ ಆಟೋದಲ್ಲಿ ಹೊರಟ್ವಿ. ಮಗ ಸೊಸೆ ಡ್ರೈವರ್ ಪಕ್ಕ ಇಕ್ಕಟ್ಟಾಗಿ ಕೂತರು. ಹಿಂದೆ ಚಾಪೆ ಹಾಸ್ಕೊಂಡು ನಾನು, ಯಜಮಾನರು, ಮೊಮ್ಮಗಳು, ಪಕ್ಕದ ಮನೆಯವಳು. ಅವಳು ತನ್ನ ಮಗಳನ್ನೇ ಕೊಡ್ತಿರೋ ಹಾಗೆ ಹೊಸ ಹಳದಿ ಸೀರೆ ಉಟ್ಟಿದ್ದಳು.

ಹತ್ತೋಕೆ ಮುಂಚೆನೇ ಯಜಮಾನರಿಗೆ ಹೇಳಿದ್ದೆ: "ಬೀಗರಾಗೋರ ಮುಂದೆ ನೀವು ಬಾಯಿ ಬುಡಬಾರ್ದು."

"ಬುಡಕಿಲ್ಲ ಕಣೇ."

ಮಾತಿಗೆ ತಪ್ಪಬಾರದು ಅಂತ ಮನೆಯಿಂದಲೇ ಬಾಯಿ ತುಂಬ ಎಲೆಅಡಿಕೆ ತುರುಕಿಕೊಂಡಿದ್ದರು. ದಾರಿಯಲ್ಲಿ ಗುರುತಿನವನೊಬ್ಬ ಬೈಕಲ್ಲಿ ಪಕ್ಕಕ್ಕೇ ಬಂದು, "ಏನ್ ತಾತ, ಎಲ್ಲಿಗೆ ಸವಾರಿ?" ಅಂದ. ಇವರು "ಉಮ್ ಉಮ್" ಅಂದರು. "ಯಾಕ್ ತಾತ, ಅಲ್ಲು ನೋವಾ?" ಅಂದ ಅವನು. ಹಲ್ಲಿನ ವಿಷಯ ಎತ್ತಿದರೆ ನಮ್ಮವರಿಗೆ ತಡೆಯೋಕಾಗಲ್ಲ. ಈ ವಯಸ್ಸಲ್ಲೂ ಒಂದು ಹಲ್ಲು ಅಲ್ಲಾಡಿಲ್ಲ ಅನ್ನೋದೇ ಅವರ ಆಸ್ತಿ. ಉತ್ತರ ಕೊಡೋಕೆ ಆಚೆ ಕಡೆ ತಿರುಗಿ ಪಿಚಕ್ ಅಂತ ಉಗಿದರು. ಗಾಳಿ ಅದನ್ನ ಪೂರ್ತಿ ವಾಪಸ್ ತಂದು ಹಳದಿ ಸೀರೆಗೆ ಚಿಮುಕಿಸ್ತು.

ಪಕ್ಕದ ಮನೆಯವಳು ಅಳೋದೊಂದು ಬಾಕಿ. "ಅಯ್ಯೋ ನನ್ನ ಸೀರೆ! ಇವತ್ತೇ ಮಡಿಕೆ ಬಿಚ್ಚಿದ್ದು!"

ಯಜಮಾನರು ಬಗ್ಗಿ ಸೀರೆ ನೋಡಿದರು. ಕೆಂಪು ಅಂಚು ನೋಡಿದರು. "ಬುಡವ್ವ," ಅಂದರು, "ಅಂಚಿಗೆ ಮ್ಯಾಚ್ ಆಯ್ತದೆ."

ಹುಡುಗ ಒಪ್ಪಿಗೆ

ಮೈದಾನಕ್ಕೆ ಇಳಿದ ತಕ್ಷಣ ಪಕ್ಕದ ಮನೆಯವಳು ನಲ್ಲಿ ಹುಡುಕಿಕೊಂಡು ಸೀರೆ ತೊಳೆಯೋಕೆ ಓಡಿದಳು. ಎಡವಟ್ಟಾಗಿದ್ದು ಅಲ್ಲೇ: ನಮ್ಮ ದೊಡ್ಡವರಲ್ಲಿ ಹುಡುಗನ ಕಡೆಯವರ ಮುಖ ಕಂಡಿದ್ದವಳು ಅವಳೊಬ್ಬಳೇ. ನಮಗೆ ಫೋಟೋ ಕಳಿಸಿದ್ದರು, ಸುಳ್ಳು ಹೇಳಬಾರದು. ಅದರಲ್ಲಿ ಹುಡುಗ ಕಪ್ಪು ಕನ್ನಡಕ ಹಾಕ್ಕೊಂಡು ಬೈಕ್ ಮೇಲೆ ಕೂತಿದ್ದ. ಬೈಕು ಚೆನ್ನಾಗಿ ಕಂಡಿತ್ತು, ಕನ್ನಡಕ ಚೆನ್ನಾಗಿ ಕಂಡಿತ್ತು. ಹುಡುಗ ಕಂಡಿರಲಿಲ್ಲ.

ನಾನು ಬೀಗರಿಗೆ ಅಂತ ಒಂದು ಸಾಲು ಕುರ್ಚಿ ಹಿಡಿದಿಟ್ಟೆ. ಒಂದಕ್ಕೆ ಟವೆಲ್ಲು, ಒಂದಕ್ಕೆ ಚೀಲ, ಒಂದಕ್ಕೆ ಯಜಮಾನರ ಚಪ್ಪಲಿ. ಅಷ್ಟರಲ್ಲಿ ಒಂದು ಸಂಸಾರ ಬಂದು, "ಅಜ್ಜಿ, ಇಲ್ಲಿ ಕೂರಬೋದಾ?" ಅಂತು. ಜೊತೆಗೆ ಗಟ್ಟಿಮುಟ್ಟಾದ ಹುಡುಗ, ಅಂಗಿ ಜೇಬಲ್ಲಿ ಕಪ್ಪು ಕನ್ನಡಕ!

"ಕೂರಬೋದಾ ಅಂದ್ರೆ? ನಿಮಗೇ ಅಂತ ಇಡಿದಿರೋದು ಕಣವ್ವ!" ಅಂದೆ. ಡಬ್ಬಿ ಬಿಚ್ಚಿದೆ. ನಿಪ್ಪಟ್ಟು ಕೊಟ್ಟೆ, ಚಕ್ಕುಲಿ ಕೊಟ್ಟೆ, ರವೆ ಉಂಡೆ ಕೊಟ್ಟೆ. ಅವರು ಬೇಡ ಬೇಡ ಅಂತಲೇ ಎಲ್ಲ ತಿಂದರು. ಹುಡುಗನ ಗಲ್ಲ ಸವರಿ ನೆಟಿಗೆ ಮುರಿದೆ. ಮೊಮ್ಮಗಳು ಹಿಂದಿನಿಂದ ನನ್ನ ಸೆರಗು ಎಳೀತಿದ್ದಳು. ನಾಚಿಕೆ ಅಂದುಕೊಂಡು ಕೈ ತಳ್ಳಿದೆ.

"ನಂಗಂತೂ ಉಡುಗ ಒಪ್ಪಿಗೆ ಕಣವ್ವ," ಅಂದೆ ಆ ತಾಯಿಗೆ. "ಇನ್ನು ನೀವು ಯಾವಾಗ ಅಂತೀರೋ ಆವಾಗ ಛತ್ರ ನೋಡೋದು."

ಆಯಮ್ಮ ನಿಪ್ಪಟ್ಟು ಅರ್ಧಕ್ಕೇ ನಿಲ್ಲಿಸಿದಳು. "ಅಜ್ಜಿ, ನಾವು ಪಿರಿಯಾಪಟ್ಟಣದೋರು. ಇವನಿಗೆ ಎರಡು ಮಕ್ಕಳವೆ. ಅಗೋ, ಅವರಮ್ಮನ ಜೊತೆ ಗೋಬಿ ತಿನ್ನಕ್ಕೆ ಓಗವೆ."

ಮೊಮ್ಮಗಳ ಕಡೆ ತಿರುಗಿದೆ. "ಮೊದಲೇ ಯಾಕ್ ಯೋಳ್ನಿಲ್ಲ?"

"ನೀನು ಮಾತು ನಿಲ್ಲಿಸಿದ್ರೆ ತಾನೇ ನಾನು ಹೇಳೋದು?"

ಅಷ್ಟೊತ್ತಿಗೆ ಪಕ್ಕದ ಮನೆಯವಳು ಒದ್ದೆ ಸೀರೆಯಲ್ಲಿ ನಿಜವಾದ ಬೀಗರನ್ನ ಕರ್ಕೊಂಡು ಬಂದಳು. ಹುಡುಗ, ಹುಡುಗನ ತಾಯಿ, ಇಬ್ಬರೇ. ಹುಡುಗನ ತಾಯಿ ನೇರ ಬೆನ್ನಿನ ಹೆಂಗಸು, ಮುಖದಲ್ಲಿ ಒಂದು ಗೆರೆ ಅತ್ತಿತ್ತ ಅಲ್ಲಾಡೋದಿಲ್ಲ. ಅವರಿಗೆ ಕೊಡೋಕೆ ಡಬ್ಬಿಯಲ್ಲಿ ಉಳಿದಿದ್ದು ಚಕ್ಕುಲಿ ಪುಡಿ.

ಹೊಗೆ

ಹಾಡು ಶುರುವಾಯಿತು. ಆಮೇಲೆ ಡ್ಯಾನ್ಸು. ಮಿಣಮಿಣ ಬಟ್ಟೆ ಹಾಕ್ಕೊಂಡ ಹುಡುಗ ಹುಡುಗಿಯರು ಬಂದು ಕುಣಿಯೋಕೆ ಹತ್ತಿದರು. ಹುಡುಗನ ತಾಯಿ "ರಾಮ ರಾಮ" ಅಂತ ಸೆರಗು ಮುಖಕ್ಕೆ ಮುಚ್ಚಿಕೊಂಡರು. ಸೆರಗು ತೆಳ್ಳಗಿತ್ತು, ಪಾಪ, ಎಲ್ಲ ಕಾಣ್ತಿತ್ತು ಅವರಿಗೆ.

ನಮ್ಮವರು ಅಲ್ಲಿವರೆಗೂ ಬೀಗರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಆಗ ಸ್ಟೇಜಿನ ಎರಡೂ ಕಡೆಯಿಂದ ಬುಸ್ ಅಂತ ಬಿಳಿ ಹೊಗೆ ಬಂತು ನೋಡಿ. ಅದು ಡ್ಯಾನ್ಸಿಗೆ ಅಂತಲೇ ಬಿಡೋ ಮಿಷಿನ್ ಹೊಗೆ ಅಂತ ಊರಿಗೆಲ್ಲ ಗೊತ್ತು. ಆದರೆ ನಮ್ಮವರು ಜೀವನ ಪೂರ್ತಿ ಹೊಗೆಸೊಪ್ಪು ಬೆಳೆದವರು. ಸೊಪ್ಪು ಬೇಯಿಸೋ ಬ್ಯಾರನ್ ಮುಂದೆ ರಾತ್ರಿಯೆಲ್ಲ ಕಾವಲು ಕೂತವರು. ಬರಬಾರದ ಕಡೆ ಹೊಗೆ ಕಂಡರೆ ಅವರ ಕಾಲು ತಲೆಯನ್ನ ಕೇಳೋದಿಲ್ಲ.

"ಲೇ! ಅತ್ಕೊಂಡ್ತು ಕಣ್ರಲಾ! ನೀರು ತನ್ರಲಾ!" ಅಂತ ಕೂಗಿ, ಕುಡಿಯೋಕೆ ಇಟ್ಟಿದ್ದ ನೀರಿನ ಕ್ಯಾನ್ ಹೆಗಲಿಗೇರಿಸಿ ಓಡಿದರು. ಹಿಡಿಯೋಕೆ ಹೋದ ಮಗ ಚಪ್ಪಲಿ ಜಾರಿ ಅಲ್ಲೇ ಕೂತ. ಇವರು ಹೊಗೆ ಮಿಷಿನ್ ಮೇಲೆ ಗೊಳಗೊಳ ಅಂತ ನೀರು ಸುರಿದರು. ಅರ್ಧ ಮಿಷಿನ್ನಿಗೆ, ಅರ್ಧ ತಮ್ಮ ಪಂಚೆಗೆ. ಮಿಷಿನ್ ಟುಸ್ ಅಂತು. ಕುಣೀತಿದ್ದ ಹುಡುಗಿಯೊಬ್ಬಳು ನಿಂತು ಕೈ ಮುಗಿದಳು. ಬಯ್ಯೋಕೋ, ವಂದಿಸೋಕೋ ತಿಳೀಲಿಲ್ಲ.

ಒದ್ದೆ ಪಂಚೆ ಹಿಂಡ್ಕೊಂಡು ಬಂದು ಹುಡುಗನ ತಾಯಿ ಪಕ್ಕ ಕೂತು ಗಂಭೀರವಾಗಿ ಹೇಳಿದರು: "ಏನೂ ಎದರಬೇಡಿ ಕಣವ್ವ. ನಾ ಇದ್ದುದಕ್ಕೆ ಮಕ್ಕಳು ಉಳಕೊಂಡ್ವು."

ಅತ್ತೆ ಪಾಟು

ಮಿಷಿನ್ ಕೆಟ್ಟಿದ್ದಕ್ಕೆ ಡ್ಯಾನ್ಸು ನಿಲ್ಲಿಸಿ ಕಾಮಿಡಿಯವನನ್ನ ಬಿಟ್ಟರು. ಅವನು ಸೀರೆ ಉಟ್ಕೊಂಡು, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಅತ್ತೆ ಪಾಟು ಮಾಡಿದ. "ಲೇ ಸೊಸೆ, ಸಾರಿಗೆ ಉಪ್ಪಾಕಿಲ್ಲ! ಫೋನ್ ನೋಡೋ ಕಣ್ಣಿಗೆ ಒಲೆ ಮೇಲಿನ ಆಲು ಕಾಣ್ನಿಲ್ವಾ? ನಾನು ಈ ಮನೆಗೆ ಬಂದಾಗ ಕೋಳಿಗಿಂತ ಮುಂಚೆ ಏಳ್ತಿದ್ದೆ!"

ಮೈದಾನವೆಲ್ಲ ಬಿದ್ದು ಬಿದ್ದು ನಗ್ತಿತ್ತು. ಹುಡುಗನ ತಾಯಿ ಮಾತ್ರ ನಗಲಿಲ್ಲ. ಪ್ರತಿ ಮಾತಿಗೂ ನಿಧಾನವಾಗಿ ತಲೆ ಆಡಿಸ್ತಿದ್ದರು.

"ಚೆನ್ನಾಗಿಲ್ವಾ ಅಮ್ಮ?" ಅಂದೆ ನಾನು, ಹಿಂದಿನ ಸಾಲಿಂದ ಬಗ್ಗಿ.

"ಇದ್ರಲ್ಲಿ ನಗೋದೇನದೆ?" ಅಂದರು. "ಪಾಪ, ಸರಿಯಾಗೇ ಯೋಳ್ತಾವ್ಳೆ."

ಮೊಮ್ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಮನೆದೇವರನ್ನ ನೆನೆಸಿಕೊಂಡ್ವಿ.

ಒಂದು ಆಡಾದ್ರೂ ಬೇಡ್ವಾ?

ಈಗ ಕೇಳಿ, ಸರಿಯಾಗಿ ಕೇಳಿ. ನಮ್ಮ ಕಡೆ ನಾಲಿಗೆಗೆ ಹಕಾರ ಹತ್ತೋದಿಲ್ಲ. ಹಾಲು ಅನ್ನೋದು ಆಲು, ಹಗ್ಗ ಅನ್ನೋದು ಅಗ್ಗ. ಹುಡುಗನ ತಾಯಿಗೂ ಅಷ್ಟೇ, ನಮಗೂ ಅಷ್ಟೇ. ಇನ್ನೊಂದು ವಿಷಯ: ಹೆಣ್ಣು ನೋಡೋಕೆ ಬಂದವರು ಹುಡುಗಿ ಕೈಲಿ ಒಂದು ಹಾಡು ಹೇಳಿಸೋದು ಹಳೇ ಪದ್ಧತಿ. ಮತ್ತೊಂದು ವಿಷಯ: ನಮ್ಮ ಯಜಮಾನರು ಒಂದು ಆಡು ಸಾಕಿದ್ದಾರೆ. ನಾನು ಊಟ ಮಾಡಿದ್ನಾ ಅಂತ ಕೇಳದವರು ಆಡು ಮೇಯ್ತಾ ಅಂತ ಕೇಳ್ತಾರೆ.

ಸ್ಟೇಜಿನಲ್ಲಿ ಮತ್ತೆ ಡ್ರಮ್ ಶುರುವಾಗಿತ್ತು. ಹುಡುಗನ ತಾಯಿ ನಮ್ಮವರ ಕಿವಿ ಹತ್ತಿರ ಜೋರಾಗಿ ಹೇಳಿದರು: "ಎಲ್ಲ ಸರಿ ಕಣಣ್ಣ. ಎಣ್ಣು ಲಕ್ಷಣವಾಗವ್ಳೆ. ಆದ್ರೆ ಶಾಸ್ತ್ರಕ್ಕೆ ಒಂದು ಆಡಾದ್ರೂ ಬೇಡ್ವಾ?"

ನಮ್ಮವರು ನೆಟ್ಟಗಾದರು. "ಆಡಾ?"

"ಊ, ಆಡು. ನಮ್ಮತ್ತೆ ನನ್ನ ನೋಡಕ್ಕೆ ಬಂದಾಗ ಒಂದಾದ ಮೇಲೊಂದು ಕೇಳುದ್ರು. ನಮ್ಮಪ್ಪ ತುಟಿ ಎರಡು ಮಾಡ್ನಿಲ್ಲ."

ನಮ್ಮವರು ನನ್ನ ಕಡೆ ತಿರುಗಿ, "ಅವರಪ್ಪ ಮಂದೆ ಮಡಗಿದ್ನೇನೋ" ಅಂದರು. ನನಗೂ ಆ ಹೊತ್ತಿಗೆ ಹೊಳೀಲಿಲ್ಲ ನೋಡಿ. ಏನು ಜನ ಇವರು, ಬಾಯಿ ಬಿಟ್ಟು ಆಡು ಕೇಳ್ತಾರಲ್ಲ ಅಂತ ನನಗೂ ಕೋಪ ಬಂತು.

"ದೊಡ್ಡದೇ ಆಗಬೇಕು ಅಂತಿಲ್ಲ, ಚಿಕ್ಕದೊಂದು ಸಾಕು," ಅಂದರು ಆಯಮ್ಮ.

"ಚಿಕ್ಕವ್ನೆಲ್ಲ ಓದ ಸಂತೇಲೇ ಮಾರಿಬುಟ್ಟೊ."

ಆಯಮ್ಮನಿಗೆ ಅರ್ಥವಾಗಲಿಲ್ಲ. "ಓಗ್ಲಿ, ದೇವ್ರುದಾದ್ರೂ ಆಯ್ತದೆ."

"ದೇವ್ರಿಗೆ ಬುಟ್ಟಿರೋದ ಕೇಳ್ತೀರಲ್ಲ, ನಿಮಗೆ ಭಕ್ತಿ ಗಿಕ್ತಿ ಇಲ್ವಾ?"

"ಭಕ್ತಿ ಇರೋದ್ಕೇ ಕೇಳ್ತಿರೋದು! ಅಳೇದಾದ್ರೂ ಬರಕಿಲ್ವಾ?"

"ಬತ್ತದೆ. ನಾನು ಅಗ್ಗ ಇಡ್ಕೊಂಡ್ರೆ ಮಾತ್ರ ಬತ್ತದೆ. ಇಲ್ದಿದ್ರೆ ಗುಮ್ಮುತದೆ."

ಹುಡುಗನ ತಾಯಿ ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಹುಡುಗಿಗೆ ಏನೋ ಕಾಯಿಲೆ ಇದೆ, ಮುಚ್ಚಿಟ್ಟಿದ್ದಾರೆ ಅಂದುಕೊಂಡರಂತೆ. ಮಗನ ತೋಳು ಹಿಡಿದು, "ಏಳ್ಲಾ, ಓಗವಾ" ಅಂತ ಎದ್ದೇಬಿಟ್ಟರು. ನಮ್ಮವರೂ ಎದ್ದರು. ಬಾಯಲ್ಲಿ ಎಲೆಅಡಿಕೆ ಇಲ್ಲ, ನನಗೆ ಕೊಟ್ಟ ಮಾತೂ ನೆನಪಿಲ್ಲ, ಕೂಗಿದರು. ಅದೇ ಗಳಿಗೆಗೆ ಡ್ರಮ್ಮಿನವನು ಕೈ ನಿಲ್ಲಿಸಬೇಕೇ! ಮೈದಾನ ಪೂರ್ತಿ ಗಪ್‌ಚಿಪ್. ಅದರ ಮಧ್ಯೆ ನಮ್ಮವರ ದನಿ ಒಂದೇ:

"ಎಣ್ಣು ಬೇಕಾದ್ರೆ ಈಗಲೇ ಕರ್ಕೊಂಡೋಗಿ! ಆಡು ಮಾತ್ರ ಕೊಡಕಿಲ್ಲ!"

ಅಷ್ಟೂ ಜನ ತಿರುಗಿ ನೋಡಿದರು. ಸೀರೆ ಉಟ್ಟ ಕಾಮಿಡಿಯವನು ಮೈಕ್ ತಗೊಂಡು, "ಯಾರಪ್ಪ ಅದು ತಾತ, ಮೊಮ್ಮಗಳಿಗಿಂತ ಮೇಕೆ ಹೆಚ್ಚು ಅಂದೋರು?" ಅಂದ.

ಮೊಮ್ಮಗಳಿಗೆ ಆಗ ಹೊಳೀತು. ಹುಣಸೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡೋ ಹುಡುಗಿ, ನಾಲಿಗೆ ತಿದ್ದಿದೆ. "ತಾತ! ಅವರು ಕೇಳಿದ್ದು ಆಡಲ್ಲ, ಹಾಡು! ಹಾ, ಹಾ, ಹಾಡು!"

"ಅದ್ನೇ ಕಣವ್ವ ನಾನೂ ಯೋಳ್ತಿರೋದು," ಅಂದರು ನಮ್ಮವರು. "ಆ, ಆ, ಆಡು!"

ಹುಡುಗನಿಗೆ ನಗು ತಡೆಯೋಕಾಗಲಿಲ್ಲ. ಹೊಟ್ಟೆ ಹಿಡ್ಕೊಂಡು ಕುರ್ಚಿ ಮೇಲೆ ಕುಸಿದ. ಕುರ್ಚಿ ಕಾಲು ಲಟಕ್ ಅಂತು, ಕೆಳಗೆ ಬಿದ್ದ. ಮೊಮ್ಮಗಳು ಓಡಿ ಹೋಗಿ ಕೈ ಹಿಡಿದು ಎಬ್ಬಿಸಿದಳು.

"ಬಿದ್ದ! ಬಿದ್ದ!" ಅಂತ ಮೈಕಲ್ಲಿ ಕೂಗಿದ ಕಾಮಿಡಿಯವನು. "ಹುಡುಗಿಗೆ ಹುಡುಗ ಬಿದ್ದ! ಚಪ್ಪಾಳೆ!"

ಮೈದಾನವೆಲ್ಲ ಚಪ್ಪಾಳೆ. ಹುಡುಗನ ತಾಯಿ ಮಾತ್ರ ಆ ಎರಡು ಕೈಗಳನ್ನೇ ನೋಡ್ತಿದ್ದಾರೆ. ಮೊಮ್ಮಗಳು ಹಿಡಿದಿದ್ದ ಕೈ ಬಿಟ್ಟಿರಲಿಲ್ಲ, ಅವನೂ ಬಿಡಿಸಿಕೊಂಡಿರಲಿಲ್ಲ.

"ಇನ್ನೇನದೆ ಕೇಳಕ್ಕೆ," ಅಂದರು ಕಡೆಗೆ. "ಅಷ್ಟು ಜನದ ಮುಂದೆ ಕೈ ಇಡುದ್ಬುಟ್ಳು. ಇನ್ನು ಬುಟ್ಟೋದ್ರೆ ನಮಗೇ ಮರ್ಯಾದೆ ಅಲ್ಲ." ಆಮೇಲೆ ನಮ್ಮವರ ಕಡೆ ತಿರುಗಿ, "ನಿಮ್ಮಾಡು ನೀವೇ ಮಡಿಕಳಿ" ಅಂದರು. ಆಗ ಆ ಮುಖದಲ್ಲಿ ಒಂದು ಗೆರೆ ಅಲ್ಲಾಡ್ತು, ನಾನೇ ನೋಡಿದೆ.

ಆಮೇಲೆ ಅವರೆಲ್ಲ ಏನಾದರು ಅಂತೀರಾ? ಪಕ್ಕದ ಮನೆಯವಳ ಸೀರೆ ಕಲೆ ಹೋಗಲೇ ಇಲ್ಲ. ಮದುವೆಗೆ ನಮ್ಮ ಕೈಲೇ ಹೊಸದು ತೆಗೆಸಿಕೊಂಡಳು. ಈಗಲೂ ಸಂಬಂಧ ಕುದುರಿಸ್ತಾಳೆ, ಆದರೆ ಮುದುಕರ ಜೊತೆ ಒಂದೇ ಗಾಡಿ ಹತ್ತೋದಿಲ್ಲ. ಪಿರಿಯಾಪಟ್ಟಣದವರು ಮದುವೆಗೆ ಬಂದು ಮೊದಲ ಪಂಕ್ತಿಯಲ್ಲೇ ಕೂತರು. ನಿಪ್ಪಟ್ಟಿನ ಋಣ ಅಂತೆ. ನಮ್ಮ ಯಜಮಾನರು ಬೀಗಿತ್ತಿ ಬರೋ ಸುದ್ದಿ ಬಂದರೆ ಸಾಕು, ಆಡನ್ನ ಹಿತ್ತಲಿಗೆ ಕಟ್ಟಿ ಬಂದು ಆಮೇಲೆ ಬಾಗಿಲು ತೆಗೀತಾರೆ. ಹುಡುಗ ಅಂಗಡಿ ದೊಡ್ಡದು ಮಾಡಿದ್ದಾನೆ. ಅಲ್ಲಿ ಕೂರೋಕೆ ಇಟ್ಟಿರೋದೆಲ್ಲ ಕಬ್ಬಿಣದ ಕುರ್ಚಿ.

ಮೊಮ್ಮಗಳಿಗೆ ಈಗ ಕೈಗೂಸು. ಮೊನ್ನೆ ಬೀಗಿತ್ತಿ ಫೋನ್ ಮಾಡಿದ್ದರು. ಸೊಸೆ ಹಾಡು ಕೇಳಬೇಕು ಅನ್ನೋ ಆಸೆ ಅವರಿಗೆ ಕಡೆಗೂ ತೀರಿತಂತೆ.

"ಮಗ ಅಳ್ತಿತ್ತು ಕಣಕ್ಕ. ಇವಳು ತೊಟ್ಲು ತೂಗ್ತಾ ಆಡಕ್ಕೆ ಶುರು ಮಾಡುದ್ಲು. ಮಗ ತಟಕ್ ಅಂತ ಅಳು ನಿಲ್ಲಿಸ್ಬುಡ್ತು."

"ನೋಡುದ್ರಾ, ತಾಯಿ ದನಿ ಅಂದ್ರೆ ಅಂಗೆ!" ಅಂದೆ ಹೆಮ್ಮೆಯಿಂದ.

"ದನಿಗಲ್ಲ ಕಣಕ್ಕ," ಅಂದರು ಬೀಗಿತ್ತಿ. "ಬೆಚ್ಚಿಬಿದ್ದು."